ಹೀಟರ್‌ನೊಳಗಿಂದ ಬಂದ ವಿಷ: ಒಬ್ಬನೇ ಹಾರುತ್ತಿದ್ದಾಗ ಅಸ್ವಸ್ಥನಾದ ನನ್ನ ಅನುಭವ

ಅಮೆರಿಕದ ಅಯೋವಾ ರಾಜ್ಯದಲ್ಲಿ ನಾನು ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಬೇಕಾದ 200 ಗಂಟೆಗಳ ಹಾರಾಟವನ್ನು ಪೂರೈಸಿಕೊಳ್ಳುತ್ತಿದ್ದ ಚಳಿಗಾಲದಲ್ಲಿ ನಡೆದದ್ದು ಇದು. ಜನವರಿಯ ಒಂದು ಬೆಳಿಗ್ಗೆ 9:12ಕ್ಕೆ, ಬಾಡಿಗೆಗೆ ಪಡೆದ ನಾಲ್ಕು ಸೀಟಿನ ಸೆಸ್ನಾ 172 ವಿಮಾನದಲ್ಲಿ ಏಮ್ಸ್‌ನಿಂದ ಪೂರ್ವಕ್ಕೆ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿರುವ ಡುಬ್ಯೂಕ್‌ಗೆ ಒಬ್ಬನೇ ಹೊರಟೆ. ದೂರ ಸುಮಾರು 130 ನಾಟಿಕಲ್ ಮೈಲಿ, ಎತ್ತರ 5,500 ಅಡಿ. ಆಕಾಶ ತಿಳಿಯಾಗಿತ್ತು, ಕೆಳಗೆ ಕಣ್ಣು ಹಾಯುವಷ್ಟು ದೂರ ಹಿಮ ಹೊದ್ದ ಜೋಳದ ಹೊಲಗಳು, ಹೊರಗಿನ ಉಷ್ಣಾಂಶ ಮೈನಸ್ 18 ಡಿಗ್ರಿ. ಹಾಗಾಗಿ ಮೇಲೇರುವಾಗಲೇ ಹೀಟರ್‌ನ ಗುಂಡಿಯನ್ನು ಪೂರ್ತಿ ಎಳೆದಿಟ್ಟಿದ್ದೆ.

ಆ ಹೀಟರ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ಹೇಳಬೇಕು, ಏಕೆಂದರೆ ನನಗಾದದ್ದೆಲ್ಲದರ ಮೂಲ ಅಲ್ಲಿದೆ. ಸಣ್ಣ ವಿಮಾನದಲ್ಲಿ ಬಿಸಿಗಾಳಿಗೆಂದು ಬೇರೆ ಒಲೆಯಿಲ್ಲ. ಎಂಜಿನ್ ಉಗುಳುವ ಹೊಗೆ ಹಾದುಹೋಗುವ ಮಫ್ಲರ್‌ನ ಸುತ್ತ ತಗಡಿನ ಒಂದು ಹೊದಿಕೆಯಿರುತ್ತದೆ, ಹೊರಗಿನ ಗಾಳಿ ಆ ಹೊದಿಕೆ ಮತ್ತು ಕಾದ ಮಫ್ಲರ್‌ನ ನಡುವೆ ಹರಿದು ಬಿಸಿಯಾಗಿ ಕಾಕ್‌ಪಿಟ್‌ಗೆ ಬರುತ್ತದೆ. ಮಫ್ಲರ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆ ಬಿಸಿಗಾಳಿಯೊಡನೆ ಸೇರಿಕೊಂಡು ಪೈಲಟ್‌ನ ಮುಖದ ಮುಂದೆಯೇ ಬಂದು ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮೂರುಗಳಲ್ಲಿ ಕಿಟಕಿ ಮುಚ್ಚಿದ ಬಚ್ಚಲಿನ ಗ್ಯಾಸ್ ಗೀಸರ್ ಜೀವ ತೆಗೆಯುವುದು ಇದೇ ಅನಿಲದಿಂದ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ, ಉಸಿರಾಟ ಸರಾಗವಾಗಿಯೇ ನಡೆಯುತ್ತಿದ್ದರೂ ಮಿದುಳಿಗೆ ಆಮ್ಲಜನಕ ತಲುಪುವುದಿಲ್ಲ.

ಹೊರಟ ಇಪ್ಪತ್ತು ನಿಮಿಷಕ್ಕೆ ಹಣೆಯ ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಿದಂತಹ ನೋವು ಶುರುವಾಯಿತು. ಹಿಂದಿನ ರಾತ್ರಿ ತಡವಾಗಿ ಮಲಗಿದ್ದಕ್ಕೆ ಇರಬೇಕೆಂದುಕೊಂಡೆ. ಆಮೇಲೆ ಹೊಟ್ಟೆ ತೊಳಸತೊಡಗಿತು. ಬೆಳಿಗ್ಗೆ ಅವಸರದಲ್ಲಿ ತಿಂದ ಅವಲಕ್ಕಿಯ ಮೇಲೆ ಅದನ್ನು ಹಾಕಿದೆ. ಕೈಕಾಲು ಭಾರವೆನಿಸಿ ಹಿತವಾದ ಮಂಪರು ಹತ್ತಿದಾಗ ಬೆಚ್ಚಗಿನ ಕಾಕ್‌ಪಿಟ್‌ನಲ್ಲಿ ಹಾಗಾಗುವುದು ಸಹಜವೆಂದುಕೊಂಡೆ. ಮೂರು ಲಕ್ಷಣಗಳಿಗೂ ನನ್ನ ಬಳಿ ಪ್ರತ್ಯೇಕವಾಗಿ ಮೂರು ಕಾರಣಗಳು ಸಿದ್ಧವಾಗಿದ್ದವು, ಮೂರನ್ನೂ ಒಟ್ಟಿಗೆ ಜೋಡಿಸಿ ನೋಡಬೇಕೆಂಬುದು ಮಾತ್ರ ಹೊಳೆಯಲಿಲ್ಲ. ಕಾರ್ಬನ್ ಮೊನಾಕ್ಸೈಡ್ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವನು ನಾನು. ಆದರೆ ಆ ಪಾಠವನ್ನು ನೆನಪಿಗೆ ತಂದುಕೊಳ್ಳಬೇಕಾದ ಮಿದುಳೇ ಆಗ ಮಸುಕಾಗುತ್ತಿತ್ತು.

ನನ್ನನ್ನು ಉಳಿಸಿದ್ದು ತೊಡೆಯ ಮೇಲೆ ಕಟ್ಟಿಕೊಂಡಿದ್ದ ನೀಬೋರ್ಡ್‌ನ ಕಾಗದ. ದಾರಿಯ ಪ್ರತಿಯೊಂದು ಗುರುತಿನ ಮೇಲೆ ಹಾದಾಗಲೂ ಗಡಿಯಾರ ನೋಡಿ ಸಮಯ ಬರೆದುಕೊಳ್ಳುವುದು ನಮಗೆ ಕಲಿಸಿದ ಕ್ರಮ. ಮಾರ್ಷಲ್‌ಟೌನ್‌ನ ಮುಂದೆ 9:33 ಎಂದು ಚಿಕ್ಕದಾಗಿ, ನೆಟ್ಟಗೆ ಬರೆದಿದ್ದೆ. ಮುಂದಿನ ಗುರುತು ಟ್ರೇರ್ ಎಂಬ ಪುಟ್ಟ ಊರು. ಅಲ್ಲಿ ಗಡಿಯಾರ 9:45 ತೋರಿಸುತ್ತಿದ್ದರೂ ನಾನು 9:54 ಎಂದು ಬರೆದು, ಎರಡು ಊರುಗಳ ನಡುವಿನ 21 ಮೈಲಿಗೆ 21 ನಿಮಿಷ ಹಿಡಿಯಿತೆಂದು ಲೆಕ್ಕ ಹಾಕಿ, ಇದೇನು ಇಷ್ಟು ನಿಧಾನವಾಯಿತೆಂದು ಮತ್ತೆ ಕಾಗದ ನೋಡಿದೆ. ಅಂಕಿಗಳು ಚೌಕವನ್ನು ದಾಟಿ ಪಕ್ಕದ ಸಾಲಿನ ಮೇಲೆ ಹರಡಿದ್ದವು. 4ರ ಕಾಲು ಕೆಳಗಿನ ಸಾಲಿನವರೆಗೆ ಜಾರಿತ್ತು. ಅದು ನನ್ನ ಕೈಬರಹವಾಗಿರಲಿಲ್ಲ. ನನಗೇನೋ ಆಗುತ್ತಿದೆಯೆಂದು ಮೊದಲ ಬಾರಿಗೆ ಗಟ್ಟಿಯಾಗಿ ಅನ್ನಿಸಿದ್ದು ಆಗ.

ಅನಂತರ ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಹೀಟರ್ ಗುಂಡಿಯನ್ನು ಒಳಕ್ಕೆ ತಳ್ಳಿ ಮುಚ್ಚಿದೆ. ಮೇಲಿನ ಎರಡು ಗಾಳಿಕೊಳವೆಗಳನ್ನೂ ಪೂರ್ತಿ ಎಳೆದು, ಎಡಗಡೆಯ ಕಿಟಕಿಯ ಚಿಲಕ ತೆಗೆದೆ. ಸೆಸ್ನಾ 172ರಲ್ಲಿ ಹಾರುವಾಗಲೂ ಆ ಕಿಟಕಿಯನ್ನು ತೆರೆಯಬಹುದು, ಗಾಳಿಯೇ ಅದನ್ನು ಮೇಲೆತ್ತಿ ಹಿಡಿದಿರುತ್ತದೆ. ಎಂಜಿನ್‌ನ ಶಕ್ತಿ ನಿಯಂತ್ರಿಸುವ ಥ್ರಾಟಲ್ ತಗ್ಗಿಸಿ, ವಿಮಾನ ತಾನಾಗಿ ಸಮವಾಗಿ ಹಾರುವಂತೆ ಟ್ರಿಮ್ ಹೊಂದಿಸಿದೆ. ಆಮೇಲೆ ರೇಡಿಯೋ. ಹೊರಟಾಗಿನಿಂದಲೂ ಫ್ಲೈಟ್ ಫಾಲೋಯಿಂಗ್, ಅಂದರೆ ದಾರಿಯುದ್ದಕ್ಕೂ ರಡಾರ್‌ನಲ್ಲಿ ನಿಗಾ ಇಡುವ ಸೇವೆಯನ್ನು ಕೇಳಿ ಪಡೆದಿದ್ದರಿಂದ, ವಾಟರ್‌ಲೂ ನಗರದ ವಿಮಾನ ನಿಲ್ದಾಣದ ಸುತ್ತಲಿನ ಹಾರಾಟ ನೋಡಿಕೊಳ್ಳುವ ವಾಟರ್‌ಲೂ ಅಪ್ರೋಚ್‌ನ ಕಂಟ್ರೋಲರ್‌ಗೆ ನಾನಾಗಲೇ ರಡಾರ್‌ನಲ್ಲಿ ಕಾಣುತ್ತಿದ್ದೆ. ಫ್ರೀಕ್ವೆನ್ಸಿ ಹುಡುಕುವ ಕೆಲಸ ಇರಲಿಲ್ಲ. ಆ ಸ್ಥಿತಿಯಲ್ಲಿ ಅದೊಂದು ದೊಡ್ಡ ಉಪಕಾರವೆಂದೇ ನನ್ನ ಭಾವನೆ. ಹಾಗಿಲ್ಲದಿದ್ದರೆ ರೇಡಿಯೋವನ್ನು ತುರ್ತಿನ ಫ್ರೀಕ್ವೆನ್ಸಿಯಾದ 121.5ಕ್ಕೆ ತಿರುಗಿಸಿ, ರಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಸಂಕೇತ 7700 ಹಾಕಬೇಕಾಗುತ್ತಿತ್ತು, ಸರಿಯಾಗಿ ಹಾಕುತ್ತಿದ್ದೆನೆಂಬ ಭರವಸೆ ನನಗಿಲ್ಲ.

ಮೈಕಿನ ಗುಂಡಿ ಒತ್ತುವ ಮುಂಚೆ ಕೆಲವು ಕ್ಷಣ ತಡೆದೆ. ಅಸ್ವಸ್ಥನೆಂದು ಹೇಳಿಕೊಂಡರೆ ಹಾರಲು ಬೇಕಾದ ಮೆಡಿಕಲ್ ಸರ್ಟಿಫಿಕೇಟ್ ಹೋಗುತ್ತದೆಯೇ, ಮನೆಯವರು ಸಾಲ ಮಾಡಿ ಕಳುಹಿಸಿದ ಓದು ಅಲ್ಲಿಗೇ ನಿಲ್ಲುತ್ತದೆಯೇ ಎಂಬ ಭಯ. ಬೇರೆ ಬೇರೆ ದೇಶಗಳಲ್ಲಿ ತರಬೇತಿ ಪಡೆಯುವ ನಮ್ಮ ಹುಡುಗ ಹುಡುಗಿಯರಲ್ಲಿ ಈ ಭಯ ಎಷ್ಟು ಆಳವಾಗಿದೆಯೆಂಬುದು ನನಗೆ ಗೊತ್ತಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಕೊನೆಗೆ ಪ್ರಾಣಾಪಾಯದ ಕರೆಯಾದ ‘ಮೇಡೇ’ಯನ್ನು ಮೂರು ಸಲ ಕೂಗಿ, ‘ಒಬ್ಬನೇ ಇದ್ದೇನೆ, ತಲೆನೋವು, ವಾಕರಿಕೆ, ಕಾರ್ಬನ್ ಮೊನಾಕ್ಸೈಡ್ ಇರಬಹುದು’ ಎಂದೆ. ಕಂಟ್ರೋಲರ್ ಮೊದಲು ಕೇಳಿದ್ದು ಹೀಟರ್ ಮುಚ್ಚಿದೆಯೇ, ಕಿಟಕಿ ತೆರೆದಿದೆಯೇ ಎಂದು. ವಾಟರ್‌ಲೂ ಉತ್ತರಕ್ಕೆ 22 ಮೈಲಿ ದೂರದಲ್ಲಿತ್ತು. ಅದಕ್ಕಿಂತ ಹತ್ತಿರದಲ್ಲಿ ಚಿಕ್ಕ ಏರ್‌ಸ್ಟ್ರಿಪ್‌ಗಳಿದ್ದವು. ಆದರೆ ಅಲ್ಲಿ ಟವರ್ ಇಲ್ಲ, ರನ್‌ವೇಯ ಹಿಮ ತೆಗೆದಿದ್ದಾರೆಂಬ ಖಾತ್ರಿಯಿಲ್ಲ, ಇಳಿದ ಮೇಲೆ ಪ್ರಜ್ಞೆ ತಪ್ಪಿದರೆ ನೋಡುವವರಿಲ್ಲ. ಕಿಟಕಿಯ ಗಾಳಿ ಮುಖಕ್ಕೆ ಬಡಿದು ತಲೆ ಇನ್ನಷ್ಟು ಮಂಕಾಗುವುದು ನಿಂತಿದ್ದರಿಂದ ನಾನು ವಾಟರ್‌ಲೂ ಆರಿಸಿಕೊಂಡೆ. ಮಂಕು ಹೆಚ್ಚುತ್ತಲೇ ಇದ್ದಿದ್ದರೆ ಹತ್ತಿರದ ಹೊಲದಂಚಿನ ಏರ್‌ಸ್ಟ್ರಿಪ್ಪೇ ಸರಿಯಾದ ಆಯ್ಕೆಯಾಗುತ್ತಿತ್ತೆಂದು ಈಗಲೂ ನಂಬಿದ್ದೇನೆ.

ಮುಂದಿನ ಹನ್ನೆರಡು ನಿಮಿಷ ಕಂಟ್ರೋಲರ್ ಆಗಿದ್ದ ಆಕೆ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ‘ಎತ್ತರ ಎಷ್ಟಿದೆ ಹೇಳಿ’, ‘ಎಣ್ಣೆಯ ಮುಳ್ಳು ಎಲ್ಲಿದೆ ಓದಿ’ ಎಂದು ನಿಮಿಷಕ್ಕೊಮ್ಮೆ ಏನಾದರೊಂದು ಕೇಳುತ್ತಿದ್ದರು. ನಾನು ನಿದ್ದೆಗೆ ಜಾರದಂತೆ ಹಾಗೆ ಮಾಡುತ್ತಿದ್ದಾರೆಂಬುದು ಅರ್ಥವಾಗುತ್ತಿತ್ತು. ದಕ್ಷಿಣದಿಂದ ಬರುತ್ತಿದ್ದ ನನಗೆ, ಉತ್ತರಕ್ಕೆ ಮುಖಮಾಡಿ ಇಳಿಯುವ ರನ್‌ವೇ 36ಕ್ಕೆ ಸುತ್ತು ಹಾಕದೆ ನೇರವಾಗಿ ಇಳಿಯಲು ಬಿಟ್ಟರು. ವೇಗ ತಗ್ಗಿಸಿ ಇಳಿಯಲು ನೆರವಾಗುವ ರೆಕ್ಕೆಯ ಹಿಂಬದಿಯ ಫ್ಲಾಪ್‌ಗಳನ್ನು ಹತ್ತು ಡಿಗ್ರಿಗಿಂತ ಹೆಚ್ಚು ಇಳಿಸಲಿಲ್ಲ. ಕೈಗೆ ಎಷ್ಟು ಕಡಿಮೆ ಕೆಲಸವೋ ಅಷ್ಟು ಒಳ್ಳೆಯದೆಂದುಕೊಂಡೆ. ವಿಮಾನ ಎರಡು ಸಲ ಪುಟಿದು ನೆಲ ಹಿಡಿಯಿತು. ರನ್‌ವೇಯ ಮೇಲೆಯೇ ನಿಲ್ಲಿಸಿ ಎಂಜಿನ್ ಆರಿಸಿದೆ; ಪಕ್ಕಕ್ಕೆ ಸರಿಸುವ ಯೋಚನೆ ಮಾಡಬೇಡಿ ಎಂದು ಮೊದಲೇ ಹೇಳಿದ್ದರು.

ಆಂಬುಲೆನ್ಸ್‌ನಲ್ಲಿ ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ 98 ತೋರಿಸಿತು. ಸಾಮಾನ್ಯ ಆಕ್ಸಿಮೀಟರ್‌ಗೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ಗೂ ಕಾರ್ಬನ್ ಮೊನಾಕ್ಸೈಡ್ ಹೊತ್ತದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಹಾಗಾಗಿ ಆ ಅಂಕಿಯನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳದೆ ಆಮ್ಲಜನಕದ ಮಾಸ್ಕ್ ಹಾಕಿದರು. ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದಾಗ ಹಿಮೋಗ್ಲೋಬಿನ್‌ನ 19 ಶೇಕಡಾ ವಿಷದ ಹಿಡಿತದಲ್ಲಿತ್ತು. ಬರೀ ಗಾಳಿಯಲ್ಲಿ ಅದು ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕದಲ್ಲಿ ಒಂದು ಒಂದೂವರೆ ಗಂಟೆ ಸಾಕು ಎಂದು ವೈದ್ಯರು ವಿವರಿಸಿದರು. ಸಂಜೆಯವರೆಗೆ ಮಾಸ್ಕ್ ಹಾಕಿಕೊಂಡೇ ಮಲಗಿದ್ದೆ.

ಮರುದಿನ ಮೆಕ್ಯಾನಿಕ್ ತಗಡಿನ ಹೊದಿಕೆ ಬಿಚ್ಚಿದಾಗ ಮಫ್ಲರ್‌ನ ಬೆಸುಗೆಯ ಪಕ್ಕದಲ್ಲಿ ಬಿರುಕು, ಅದರ ಸುತ್ತ ಬೂದುಬಣ್ಣದ ಮಸಿ ಕಂಡಿತು. ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ಅನಿಲ ತಗುಲಿದರೆ ಕಪ್ಪಾಗಬೇಕಾದ ಕಿತ್ತಳೆ ಬಣ್ಣದ ಚುಕ್ಕೆಯಿರುವ ಒಂದು ಕಾರ್ಡನ್ನು ವಿಮಾನದ ಪ್ಯಾನೆಲ್‌ಗೆ ಅಂಟಿಸಲಾಗಿತ್ತು; ಅಂತಹ ಕಾರ್ಡ್ ಬಾಳುವುದು ಕೆಲವೇ ತಿಂಗಳು, ತೆರೆದ ದಿನಾಂಕವನ್ನು ಅದರ ಮೇಲೆ ಬರೆಯಬೇಕು. ಆ ಕಾರ್ಡಿನ ಅವಧಿ ಮುಗಿದು ಬಹಳ ಕಾಲವಾಗಿತ್ತು. ಹೊರಡುವ ಮುನ್ನ ವಿಮಾನದ ಸುತ್ತ ನಡೆದು ಎಣ್ಣೆ, ಟೈರ್, ರೆಕ್ಕೆಯನ್ನೆಲ್ಲ ಮುಟ್ಟಿ ನೋಡಿದ ನಾನು ಮೂಗಿನ ನೇರಕ್ಕಿದ್ದ ಆ ದಿನಾಂಕವನ್ನು ಓದಿರಲಿಲ್ಲ.

2019ರ ಜನವರಿ 21ರಂದು ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಇದ್ದ ಪೈಪರ್ ಮಲಿಬು ವಿಮಾನ ಇಂಗ್ಲಿಷ್ ಕಾಲುವೆಗೆ ಬಿದ್ದಾಗ ಅವರ ರಕ್ತದ ಹಿಮೋಗ್ಲೋಬಿನ್‌ನ 58 ಶೇಕಡಾ ಇದೇ ವಿಷದ ಹಿಡಿತದಲ್ಲಿತ್ತು. 2017ರ ಫೆಬ್ರುವರಿಯಲ್ಲಿ ಅಯೋವಾದ ಪಕ್ಕದ ಮಿನ್ನೆಸೋಟದಲ್ಲಿ ಮೂನಿ ಎಂಬ ಸಣ್ಣ ವಿಮಾನದ ಪೈಲಟ್ ಒಬ್ಬರು ಪ್ರಜ್ಞೆ ತಪ್ಪಿದರು. ಆಟೋಪೈಲಟ್ ಇಂಧನ ಮುಗಿಯುವವರೆಗೆ ಹಾರಿಸಿ, ವಿಮಾನ ಹಿಮದ ಹೊಲದಲ್ಲಿ ತಾನಾಗಿ ಇಳಿದು ಅವರು ಬದುಕಿದರು. ನನ್ನ ವಿಮಾನದಲ್ಲಿ ಆಟೋಪೈಲಟ್ ಇರಲಿಲ್ಲ. 1982ರಿಂದ 2020ರವರೆಗೆ ಈ ಅನಿಲದಿಂದಾದ 31 ಅಪಘಾತಗಳಲ್ಲಿ 42 ಮಂದಿ ಸತ್ತಿದ್ದಾರೆಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2022ರಲ್ಲಿ ಹೇಳಿತು. ಆ ವಿಮಾನಗಳ ಪೈಕಿ ಒಂದರಲ್ಲಿ ಮಾತ್ರ ಪತ್ತೆಕಾರಕವಿತ್ತು, ಅದಕ್ಕೂ ಕೂಗಿ ಎಚ್ಚರಿಸುವ ಶಕ್ತಿಯಿರಲಿಲ್ಲ.

ನನ್ನ ಮೆಡಿಕಲ್ ಹೋಗಲಿಲ್ಲ. ಊರಿಗೆ ಬಂದ ಮೇಲೆ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಕಮರ್ಷಿಯಲ್ ಪೈಲಟ್‌ಗಳ ಕ್ಲಾಸ್ 1 ವೈದ್ಯಕೀಯ ಪರೀಕ್ಷೆಗೆ ಹೋದಾಗ ಆಸ್ಪತ್ರೆಯ ಕಾಗದಗಳನ್ನು ನಾನೇ ಮುಂದಿಟ್ಟೆ. ವೈದ್ಯರು ಪ್ರತಿಯೊಂದನ್ನೂ ಓದಿ, ಬೇಕಾದ ಪ್ರಶ್ನೆ ಕೇಳಿ ಫಿಟ್ ಎಂದು ಬರೆದರು. ಈಗ ಯಾವ ಸಣ್ಣ ವಿಮಾನ ಹತ್ತಿದರೂ ಗಾಳಿಯಲ್ಲಿ ಈ ಅನಿಲ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ದಾಟಿದೊಡನೆ ಕೂಗುವ ಬ್ಯಾಟರಿಯ ಪತ್ತೆಕಾರಕವನ್ನು ಪ್ಯಾನೆಲ್‌ನಲ್ಲಿ ಕಣ್ಣಿಗೆ ಕಾಣುವ ಕಡೆ ಸಿಕ್ಕಿಸಿ, ಎಂಜಿನ್ ಚಾಲೂ ಮಾಡುವ ಮೊದಲು ಅದರ ಪರೀಕ್ಷೆಯ ಗುಂಡಿ ಒತ್ತುತ್ತೇನೆ. ಹೀಟರ್ ಎಳೆದ ಸಮಯವನ್ನೂ ನೀಬೋರ್ಡ್‌ನಲ್ಲಿ ಬರೆಯುತ್ತೇನೆ, ಆಮೇಲೆ ತಲೆ ನೋಯಲಿ ನೋಯದಿರಲಿ ಹತ್ತು ನಿಮಿಷಕ್ಕೊಮ್ಮೆ ಅದರ ಕೆಳಗೆ ಗಡಿಯಾರದ ಅಂಕಿಗಳನ್ನು ಬರೆದು, ಮೇಲಿನ ಸಾಲಿನ ಅಕ್ಷರದೊಡನೆ ಹೋಲಿಸಿ ನೋಡುತ್ತೇನೆ.