ಹದಿನಾಲ್ಕು ಜನ, ಒಂದು ಟಿಟಿ, ದಿನಕ್ಕೆ ಎರಡೇ ತೋಟ

ನಮ್ದು ಸಿರಾ ತಾಲೂಕು. ದಾಳಿಂಬೆ, ಮಾವು, ಹುಣಸೆ ಅಂತ ಒಂದಷ್ಟು ಹಾಕ್ಕೊಂಡಿರೋ ಹದಿನಾಲ್ಕು ಜನ ಸೇರ್ಕೊಂಡು ತಿಂಗಳಿಗೆ ಇನ್ನೂರು ರೂಪಾಯಿ ಚೀಟಿ ಹಾಕ್ತೀವಿ, ಆ ದುಡ್ಡಲ್ಲಿ ವರ್ಷಕ್ಕೆ ಎರಡು ಮೂರು ಸಲ ಟಿಟಿ (ಟೆಂಪೋ ಟ್ರಾವೆಲರ್) ಮಾಡ್ಕೊಂಡು ಬೇರೆ ತೋಟಗಳನ್ನ ನೋಡ್ಕೊಂಡು ಬರ್ತೀವಿ. ಲೆಕ್ಕ ಇಡೋದು, ಫೋನ್ ಮಾಡೋದು, ಬೈಸ್ಕೊಳ್ಳೋದು ಎಲ್ಲಾ ನಾನೇ.

ಮೊದಲನೇ ಟ್ರಿಪ್ ಪೂರ್ತಿ ಫ್ಲಾಪ್. ಒಂದೇ ದಿನಕ್ಕೆ ಐದು ಜಾಗ ಇಟ್ಕೊಂಡಿದ್ದೆ, ಅದೂ ನವೆಂಬರ್‌ನಲ್ಲಿ, ಮಾವಿನ ಗಿಡದಲ್ಲಿ ಎಲೆ ಬಿಟ್ರೆ ಇನ್ನೇನೂ ಇಲ್ಲ, ಹೈವೇ ಹೋಟ್ಲಲ್ಲಿ ತಿಂಡಿಗೇ ಒಂದೂವರೆ ಗಂಟೆ ಹೋಯ್ತು, ಕೊನೇ ತೋಟ ತಲುಪೋ ಹೊತ್ತಿಗೆ ಕತ್ತಲಾಗಿ ಮೊಬೈಲ್ ಟಾರ್ಚ್ ಬಿಟ್ಕೊಂಡು ಸಪೋಟ ನೋಡಿದ್ವಿ. ಇವತ್ತಿಗೂ ನನ್ನ ಕಂಡ್ರೆ 'ಏನ್ ಗೌಡ್ರೇ, ಟಾರ್ಚ್ ತಂದಿದೀರಾ' ಅಂತಾರೆ. ಅವತ್ತೇ ತೀರ್ಮಾನ ಆಯ್ತು: ದಿನಕ್ಕೆ ಎರಡೇ ಜಾಗ, ಹಣ್ಣು ಇರೋ ಕಾಲದಲ್ಲೇ ಹೋಗೋದು, ಕುಯ್ದು ತಿನ್ನದೆ ವಾಪಸ್ ಬರೋ ಹಾಗಿಲ್ಲ.

ಮುಂದಿನ ಜೂನ್‌ನಲ್ಲಿ ಹಲಸಿಗೆ ಅಂತಲೇ ಹೊರಟ್ವಿ. ತುಮಕೂರು ದಾಟಿದ್ರೆ ಬೆಂಗಳೂರು ರೋಡಲ್ಲಿ ಹಿರೇಹಳ್ಳಿ ಸಿಗುತ್ತೆ, ಅಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ಸಿದ್ದು ಅನ್ನೋ ಹಲಸಿನ ತಳಿಯ ಕಥೆ ಅಲ್ಲಿ ಸರಿಯಾಗಿ ತಿಳೀತು. ಗುಬ್ಬಿ ತಾಲೂಕು ಚೇಳೂರಿನ ಒಬ್ಬ ರೈತರ ಮರ ಅದು, ಹಣ್ಣು ಎರಡೂವರೆ ಕೆ.ಜಿ. ಆಸುಪಾಸು, ಒಂದು ಸಂಸಾರಕ್ಕೆ ಒಂದೇ ಹೊತ್ತಿಗೆ ಮುಗಿಯೋ ಸೈಜು, ತೊಳೆ ತಾಮ್ರದ ಕೆಂಪು. ಸಂಸ್ಥೆಯವರು 2017ರಲ್ಲಿ ಮನೆಯವರ ಜೊತೆ ಒಪ್ಪಂದ ಮಾಡ್ಕೊಂಡು ಕಸಿ ಗಿಡ ಮಾಡೋಕೆ ಶುರು ಮಾಡಿದ್ರು, ಸಸಿ ಮಾರಿದ ದುಡ್ಡಲ್ಲಿ ದೊಡ್ಡ ಪಾಲು ಮರದ ಮನೆಯವರಿಗೇ. ಇದು ಕೇಳಿ ನಮ್ಮೋರೆಲ್ಲ ಮುಖ ಮುಖ ನೋಡ್ಕೊಂಡ್ರು, ಯಾಕಂದ್ರೆ ಎಲ್ಲರ ಹಿತ್ತಲಲ್ಲೂ ಒಂದೊಂದು ಹಲಸಿದೆ, ಅದರ ಬೆಲೆ ಏನು ಅಂತ ಯಾರೂ ಯೋಚನೆ ಮಾಡಿರ್ಲಿಲ್ಲ.

ನಮ್ಮಜ್ಜಿ ಎಲ್ಲಾದ್ರೂ ಒಳ್ಳೇ ಹಲಸು ತಿಂದ್ರೆ ಬೀಜ ಸೆರಗಲ್ಲಿ ಕಟ್ಕೊಂಡು ಬಂದು ಬದುವಿನ ಮೇಲೆ ಊರೋರು. ಆ ಬೀಜದಿಂದ ಬಂದ ಐದು ಮರದಲ್ಲಿ ಐದೂ ಬೇರೆ ಬೇರೆ, ಒಂದು ಬಕ್ಕೆ (ಗಟ್ಟಿ ತೊಳೆ), ಒಂದು ಅಂಬಲಿ (ಮೆತ್ತನೆ ತೊಳೆ), ಒಂದಂತೂ ಬರೀ ನಾರು. ಹಲಸಿನಲ್ಲಿ ಒಂದು ಮರದ ಪರಾಗ ಇನ್ನೊಂದಕ್ಕೆ ಹೋಗೋದ್ರಿಂದ ಬೀಜದ ಗಿಡ ತಾಯಿ ಥರ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ತಾಯಿ ಮರದ್ದೇ ರುಚಿ ಬೇಕಂದ್ರೆ ಕಸಿನೇ ಕಟ್ಟಬೇಕು. ವಾಪಸ್ ಬಂದ ಮೇಲೆ ಎರಡು ಭಾನುವಾರ ನಮ್ಮ ನಮ್ಮ ಊರಿನ ಮರಗಳನ್ನೇ ಟ್ರಿಪ್ ಮಾಡಿದ್ವಿ. ಚಾಕು, ಕೊಬ್ಬರಿ ಎಣ್ಣೆ (ಮೇಣ ಅಂಟಬಾರದಲ್ಲ), ಒಂದು ನೋಟ್‌ಬುಕ್ಕು. ಇಪ್ಪತ್ತಮೂರು ಮರ ತಿಂದು ನೋಡಿ ಎರಡಕ್ಕೆ ಗುರುತು ಹಾಕಿದ್ವಿ. ನನ್ನ ಪ್ರಕಾರ ಇಷ್ಟು ಟ್ರಿಪ್‌ಗಳಲ್ಲಿ ಅದೇ ಬೆಸ್ಟು, ಖರ್ಚು ಬರೀ ಪೆಟ್ರೋಲು.

ಎಲ್ಲಾ ಕಡೆ ಹಿಂಗೆ ಬಾಗಿಲು ತೆಗೀತಾರೆ ಅಂತಲ್ಲ. ಒಂದು ದಾಳಿಂಬೆ ತೋಟಕ್ಕೆ ಮೊದಲೇ ಹೇಳಿ ಹೋಗಿದ್ರೂ ಗೇಟ್ ಹತ್ರನೇ ನಿಲ್ಲಿಸಿದ್ರು. ಹಿಂದಿನ ದಿನ ಮಳೆ ಬಂದಿತ್ತು, ನಾವು ಬೆಳಿಗ್ಗೆ ನಮ್ಮ ಸಂಘದವರದ್ದೇ ಇನ್ನೊಂದು ದಾಳಿಂಬೆ ತೋಟದಲ್ಲಿ ಓಡಾಡಿ ಬಂದಿದ್ವಿ ಅಂತ ಬಾಯಿತಪ್ಪಿ ಹೇಳಿಬಿಟ್ಟೆ. 'ಬ್ಲೈಟ್ ಹೊತ್ಕೊಂಡು ಬಂದಿದೀರೋ ಏನೋ, ತಪ್ಪು ತಿಳ್ಕೋಬೇಡಿ ಅಣ್ಣ, ಇಲ್ಲಿಂದಲೇ ನೋಡಿ' ಅಂದ್ರು. ನಮ್ಮಲ್ಲಿ ಇಬ್ಬರಿಗೆ ಭಾರೀ ಕೋಪ. ಆದ್ರೆ ಆ ಯಜಮಾನ್ರು ಹೇಳಿದ್ದು ನೂರಕ್ಕೆ ನೂರು ಸರಿ, ಬ್ಲೈಟ್ ಅಂದ್ರೆ ದುಂಡಾಣು ಅಂಗಮಾರಿ ರೋಗ, ಅದು ಒದ್ದೆ ಗಿಡ ಮುಟ್ಟಿದ ಕೈಯಲ್ಲೂ, ಕಟರ್‌ನಲ್ಲೂ ಹೋಗುತ್ತೆ. ಈಗ ನಾವು ದಿನಕ್ಕೆ ಒಂದೇ ದಾಳಿಂಬೆ ತೋಟ ನೋಡೋದು, ಅದೂ ಗಿಡದ ಮೇಲಿನ ತೇವ ಆರಿದ ಮೇಲೆ. ಟಿಟಿಲಿ ಕೈ, ಕಟರ್ ಒರೆಸೋಕೆ ಒಂದು ಬಾಟ್ಲಿ ಸ್ಪಿರಿಟ್ಟು, ಚಪ್ಪಲಿ ಅದ್ದೋಕೆ ಬ್ಲೀಚಿಂಗ್ ಪೌಡರ್ ನೀರಿಗೆ ಒಂದು ಟಬ್ಬು ಇದ್ದೇ ಇರುತ್ತೆ.

ಲಾಲ್‌ಬಾಗ್ ಅಂದಾಗ ಮಾತ್ರ ದೊಡ್ಡ ಜಗಳ. ಹೂವು ನೋಡೋಕೆ ಚೀಟಿ ದುಡ್ಡು ಯಾಕೆ ಅಂತ. ನಾನು ಹೇಳಿದೆ, ಹೈದರಾಲಿ 1760ರಲ್ಲಿ ಅದನ್ನ ಶುರು ಮಾಡಿದಾಗ ಮಾದರಿಗೆ ಇಟ್ಕೊಂಡಿದ್ದು ನಮ್ಮ ಸಿರಾದ ಮೊಗಲರ ಕಾಲದ ಬಾಗ್ ಅಂತಾರೆ ಕಣ್ರಪ್ಪ, ನಮ್ಮದನ್ನ ನೋಡೋಕೆ ನಾವೇ ಹೋಗಲ್ಲ ಅಂದ್ರೆ ಹೆಂಗೆ ಅಂತ. ಹೊರಟ್ರು. ಫ್ಲವರ್ ಶೋ ಇಲ್ಲದ ಮಂಗಳವಾರ, ಬೆಳಿಗ್ಗೆ ಆರೂವರೆಗೆ ಗೇಟ್ ಒಳಗಿದ್ವಿ, ಗಾಜಿನ ಮನೆ ಕಡೆ ಐದೇ ನಿಮಿಷ.

ಉಳಿದ ಟೈಮೆಲ್ಲ ಹಳೇ ಮಾವಿನ ಮರದ ಕೆಳಗೆ. ಟಿಪ್ಪು ಕಾಲದ್ದು ಅನ್ನೋ ಮರ ಇದೆ, ಕಾಂಡ ತಬ್ಬೋಕೆ ಒಬ್ಬರ ಕೈ ಸಾಲಲ್ಲ. ಅಂಥ ಮರ ತಲೆ ಎತ್ತಿ ನೋಡಿದ್ರೆ ಗೊತ್ತಾಗೋದು, ಒಳಗೆಲ್ಲ ಬರೀ ಕೊಂಬೆ, ಎಲೆ ಇರೋದು ಬಿಸಿಲು ಬೀಳೋ ಹೊರಗಡೆ ಅಷ್ಟೇ. ಮಾವು ಹೂ ಬಿಡೋದು ರೆಂಬೆ ತುದೀಲಿ, ತುದಿಗೆ ಬಿಸಿಲಿಲ್ಲ ಅಂದ್ರೆ ಕಾಯೂ ಇಲ್ಲ. ಐದು ಮೀಟರ್‌ಗೆ ಒಂದರಂತೆ ಗಿಡ ಹಾಕಿ ಎಂಟು ವರ್ಷ ಕತ್ತರಿ ಮುಟ್ಟಿಸದ ನಮ್ಮ ಒಬ್ಬ ಸದಸ್ಯರು ಅಲ್ಲಿ ಮಾತಾಡದೆ ನಿಂತಿದ್ರು, ಊರಿಗೆ ಬಂದು ಆ ವರ್ಷ ಕೊಯ್ಲು ಮುಗಿದ ತಕ್ಷಣ ಸಾಲು ಬಿಟ್ಟು ಸಾಲು ಪ್ರೂನಿಂಗ್ ಮಾಡ್ಸಿದ್ರು.

ಅಲ್ಲೇ ಕಟ್ಟೆ ಮೇಲೆ ಕೂತು ಬುತ್ತಿ ಬಿಚ್ಚಿದ್ರೆ ಸೀಮೆ ಬದನೆಕಾಯಿ ಪಲ್ಯ. ಅದನ್ನ ಬೆಂಗಳೂರಿಗೆ ತಂದು ಬೆಳೆಸಿದ್ದು ಇದೇ ತೋಟದ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರಾನ್ ಅಂದೆ, ಯಾರೂ ನಂಬಲಿಲ್ಲ. ರಾಜ್ಯದ ತೋಟಗಾರಿಕೆ ಇಲಾಖೆ ಕಟ್ಟಿ ಬೆಳೆಸಿದ ಮರಿಗೌಡರ ಹೆಸರು ಎಲ್ಲರಿಗೂ ಗೊತ್ತಿತ್ತು, ಆದ್ರೆ ಅವರೇ ಶುರು ಮಾಡಿಸಿದ, ಹಣ್ಣು ತರಕಾರಿ ಮಾರೋ ಹಾಪ್‌ಕಾಮ್ಸ್ ಮೊದಲು 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು ಅಂದಾಗ ಖಜಾಂಚಿ ಎದ್ದು ಕೂತು, 'ಹಂಗಾದ್ರೆ ಚೀಟಿ ದುಡ್ಡು ಮುನ್ನೂರು ಮಾಡೋಣ' ಅಂದ. ಇನ್ನೂ ಮಾಡಿಲ್ಲ.

ಗುರುತು ಹಾಕಿದ ಎರಡು ಹಲಸಿನ ಮರದಿಂದ ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ, ಹತ್ತು ದಿನ ಮೊದಲೇ ಎಲೆ ತೆಗೆದು, ಆಮೇಲೆ ಕುಯ್ದು ಒದ್ದೆ ಬಟ್ಟೇಲಿ ಸುತ್ತಿ ತಂದು ಹನ್ನೆರಡು ಕಸಿ ಕಟ್ಟಿದ್ವಿ. ಐದು ಚಿಗುರ್ತು. ಒಂದನ್ನ ಮೇಕೆ ತಿಂತು, ನಾಲ್ಕು ಸೊಂಟದ ಎತ್ತರ ಬಂದಿವೆ.