ಅಲುಗಾಡುವ ಎಚ್ಚರ, ಅಲುಗದ ಕನಸು

"ಉಲ್ಟಾ ಮಾಡಿದ್ದೀಯಲ್ಲ ಮಾರಾಯ, ಅಲುಗಾಡಬೇಕಾದ್ದು ಕನಸು ಅಲ್ವಾ?" ಅಂತ ಗೆಳೆಯ ನನ್ನ ಅನಿಮೇಷನ್ ಚಿತ್ರದ ಬಗ್ಗೆ ಕೇಳಿದಾಗ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಅದರಲ್ಲಿ ಎಚ್ಚರದ ಹಿನ್ನೆಲೆ ಅಲುಗಾಡುತ್ತದೆ, ಕನಸಿನದು ಅಲುಗುವುದಿಲ್ಲ. ಈ ಕೆಲಸದಲ್ಲಿ ಅವನು ನನಗಿಂತ ಹಳಬ. ಅವನ ಮಾತು ಕೇಳಿದ್ದರೆ ಈ ಒಂಬತ್ತು ನಿಮಿಷದ ಚಿತ್ರ ಇವತ್ತಿಗೂ ಹಾರ್ಡ್ ಡಿಸ್ಕ್‌ನಲ್ಲೇ ಕೊಳೆಯುತ್ತಿತ್ತು.

ಕಥೆ ಸಣ್ಣದು. ಅದ್ವೈತದ ಹಳೆಯ ಗುರು ಗೌಡಪಾದರ ಮಾಂಡೂಕ್ಯ ಕಾರಿಕೆಗೆ ಶಂಕರರು ಬರೆದರು ಅನ್ನುವ ಭಾಷ್ಯದಲ್ಲಿ ಒಂದು ಉದಾಹರಣೆ ಬರುತ್ತದೆ. ಹೊಟ್ಟೆ ತುಂಬ ಉಂಡು ಮಲಗಿದವನು ಕನಸಿನಲ್ಲಿ ಹಸಿದು ಒದ್ದಾಡುತ್ತಾನೆ. ಕನಸಿನಲ್ಲಿ ಉಂಡು ತೇಗಿದವನು ಎದ್ದಾಗ ಹಸಿದಿರುತ್ತಾನೆ. ಎಚ್ಚರದ ಊಟ ಕನಸಿನ ಹಸಿವಿಗೆ ಆಗಿ ಬರುವುದಿಲ್ಲ. ಹಾಗಾದರೆ ಯಾವುದನ್ನು ನಿಜ ಅನ್ನೋಣ? ನನಗೆ ಇಷ್ಟೇ ಬೇಕಿತ್ತು. ಒಬ್ಬ ಮನುಷ್ಯ, ಒಂದು ತಟ್ಟೆ, ಒಂದು ಮಂಚ.

ಮೊದಲ ಸ್ಕ್ರಿಪ್ಟ್‌ನಲ್ಲಿ 20 ನಿಮಿಷ ಬರೀ ಮಾತಿತ್ತು. ಕನಸಿನಲ್ಲಿ ಚಿಟ್ಟೆಯಾದ ಚೀನಾದ ಜ್ಞಾನಿ ಜುವಾಂಗ್‌ಜಿ ಬಂದ, 1641ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಒಲೆಯ ಪಕ್ಕ ಕೂತು ತಾನು ಕನಸು ಕಾಣುತ್ತಿಲ್ಲ ತಾನೇ ಅಂತ ಯೋಚಿಸಿದ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಬಂದ. ಎಲ್ಲರನ್ನೂ ಹೊರಗೆ ಕಳಿಸಿದೆ. ಉಳಿದದ್ದು ಹನ್ನೊಂದು ಸಾಲು ಮಾತು.

ರೋಟೋಸ್ಕೋಪಿಂಗ್, ಅಂದರೆ ಚಿತ್ರೀಕರಿಸಿದ ವಿಡಿಯೋದ ಫ್ರೇಮ್‌ಗಳ ಮೇಲೆಯೇ ಚಿತ್ರ ಬಿಡಿಸುವುದು, ಬೇಡ ಅಂದವರೂ ಇದ್ದರು. "ಅದು ಬರೀ ನಕಲು" ಅಂದರು. ಅಮೆರಿಕದ ಅನಿಮೇಟರ್ ಮ್ಯಾಕ್ಸ್ ಫ್ಲೈಷರ್ 1915ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ವಿದ್ಯೆ ಇದು. ನಿರ್ದೇಶಕ ರಿಚರ್ಡ್ ಲಿಂಕ್ಲೇಟರ್ ಮಾಮೂಲಿ ವಿಡಿಯೋ ಚಿತ್ರೀಕರಿಸಿ, ಬಾಬ್ ಸಬಿಸ್ಟನ್ ಬರೆದ ಸಾಫ್ಟ್‌ವೇರ್‌ನಲ್ಲಿ ಮೂವತ್ತಕ್ಕೂ ಜಾಸ್ತಿ ಕಲಾವಿದರ ಕೈಯಲ್ಲಿ ಅದರ ಮೇಲೆ ಬಿಡಿಸಿ, 2001ರಲ್ಲಿ ತೆರೆಗೆ ಬಂದ 'ವೇಕಿಂಗ್ ಲೈಫ್' ಚಿತ್ರ ಮಾಡಿದ. ಅಲ್ಲಿ ಒಬ್ಬೊಬ್ಬರ ಕೈ ಒಂದೊಂದು ಥರ ಇದ್ದದ್ದೇ ಚಂದ. ಅದನ್ನು ನೋಡಿ ನಾನೂ ಕೈ ಸುಟ್ಟುಕೊಂಡೆ. ಇಬ್ಬರು ಹುಡುಗರನ್ನು ಕರೆದು, ನನ್ನ ಎರಡು ತಿಂಗಳ ಸಂಬಳದಷ್ಟು ಕೊಟ್ಟು, 700 ಚಿತ್ರ ಬಿಡಿಸಿಸಿದೆ. ಹುಡುಗರು ಚೆನ್ನಾಗಿಯೇ ಬಿಡಿಸಿದ್ದರು, ತಪ್ಪು ನನ್ನದು. ನನ್ನ ಚಿತ್ರದಲ್ಲಿ ಇರುವವನು ಒಬ್ಬನೇ. ಕೈ ಬದಲಾದ ಕೂಡಲೇ ಆಸಾಮಿಯೇ ಬದಲಾದ ಹಾಗೆ ಕಾಣುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಫೋನಿನಿಂದ. ಫೋನಿನಲ್ಲಿ ಸೆಕೆಂಡಿಗೆ 24 ಫ್ರೇಮ್ ಅಂತ ಹಾಕಿಕೊಂಡು ಚಿತ್ರೀಕರಿಸಿದ್ದೆ. ಫೋನ್ ತನಗೆ ಬೇಕಾದ ಹಾಗೆ ಫ್ರೇಮ್ ರೇಟ್ ಏರಿಸಿ ಇಳಿಸಿಕೊಂಡಿತ್ತು. ಮೂರು ನಿಮಿಷದ ಒಂದು ಟೇಕ್‌ನ ಕೊನೆಗೆ ಬರುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಇದು ಗೊತ್ತಾದದ್ದು ಸುಮಾರು 400 ಮುಖ ಬಿಡಿಸಿ ಮುಗಿದ ಮೇಲೆ! ಈಗ ಒಂದು ಗೀಟು ಎಳೆಯುವ ಮೊದಲೇ ಇಡೀ ಫುಟೇಜನ್ನು ಸ್ಥಿರ ಫ್ರೇಮ್ ರೇಟ್‌ಗೆ ತಂದು, ಒಂದೊಂದು ಫ್ರೇಮನ್ನೂ ಪಿಎನ್‌ಜಿ ಚಿತ್ರ ಮಾಡಿ, ನಂಬರ್ ಹಾಕಿ ಇಡುತ್ತೇನೆ.

ಇನ್ನು ಉಲ್ಟಾ ಆದ ಕಥೆ. ಮೊದಲು ನಾನೂ ಎಲ್ಲರ ಹಾಗೆಯೇ ಮಾಡಿದ್ದೆ. ಕನಸು ಬಂದ ತಕ್ಷಣ ಗೋಡೆ ತೇಲಬೇಕು, ಬಾಗಿಲು ಬಳುಕಬೇಕು. ತೋರಿಸಿದವರೆಲ್ಲ ಐದೇ ಸೆಕೆಂಡಿನಲ್ಲಿ "ಓ, ಇದು ಕನಸು" ಅಂದರು. ಗುಟ್ಟು ಅಲ್ಲೇ ರಟ್ಟಾಯಿತು. ಒಂದು ರಾತ್ರಿ ಫೋಲ್ಡರ್ ಅದಲು ಬದಲಾಗಿ, ಎಚ್ಚರದ ದೃಶ್ಯಕ್ಕೆ ಕುದಿಯುವ, ಅಂದರೆ ಗೀಟುಗಳು ಸದಾ ಅಲುಗುವ ಹಿನ್ನೆಲೆ ಬಂತು, ಕನಸಿಗೆ ಕದಲದ ಹಿನ್ನೆಲೆ ಬಂತು. ಬೈದುಕೊಂಡು ಪ್ಲೇ ಮಾಡಿದೆ. ಮೈ ಜುಂ ಅಂದಿತು. ನಾವು ಕನಸಿನ ಒಳಗಿರುವಾಗ ಅದರ ಮೇಲೆ ಅನುಮಾನ ಬರುವುದು ಅಪರೂಪ. ಅನುಮಾನ ಎಲ್ಲ ಎದ್ದ ಮೇಲೆ.

ಕೆಲಸ ಹೀಗೆ. ಎಚ್ಚರದ ಪ್ರತಿ ಹಿನ್ನೆಲೆಯನ್ನು ಐದು ಸಲ ಬಿಡಿಸಿದೆ. ಮೂರು ಸಾಕು ಅನ್ನುತ್ತಾರೆ, ಆದರೆ ಮೂರನ್ನೇ ಸುತ್ತಿಸಿದರೆ ಕಣ್ಣು ಆ ತಾಳ ಹಿಡಿದುಬಿಡುತ್ತದೆ. ಐದನ್ನು ಕಲಸಿ, ಒಂದೊಂದನ್ನು ನಾಲ್ಕು ಫ್ರೇಮ್ ನಿಲ್ಲಿಸಿದೆ. ಗೀಟು ತನ್ನ ದಪ್ಪದ ಅರ್ಧಕ್ಕಿಂತ ಜಾಸ್ತಿ ಆಚೀಚೆ ಹೋಗಬಾರದು, ಹೋದರೆ ಕ್ಯಾಮೆರಾ ನಡುಗಿದ ಹಾಗೆ ಕಾಣುತ್ತದೆ. ಕನಸಿಗೆ ಒಂದೇ ಚಿತ್ರ. ಆದರೆ ಪೂರ್ತಿ ನಿಲ್ಲಿಸಿದರೆ ಸತ್ತ ಹಾಗಿರುತ್ತದೆ. ತಟ್ಟೆಯ ನೆರಳನ್ನು ಮಾತ್ರ ಕದಲಲು ಬಿಟ್ಟೆ. ಮನುಷ್ಯ ಎರಡು ಕಡೆಯೂ ಟೂಸ್ ಮೇಲೆ, ಅಂದರೆ ಎರಡು ಫ್ರೇಮಿಗೆ ಒಂದು ಚಿತ್ರ, ಸೆಕೆಂಡಿಗೆ 12. ಒಂಬತ್ತು ನಿಮಿಷಕ್ಕೆ 6,500ರ ಹತ್ತಿರ ಬರಬೇಕಿತ್ತು. ಅವನು ಸುಮ್ನೆ ಕೂತಿರುವ ಕಡೆ ಹಿಡಿದು ನಿಲ್ಲಿಸಿದ್ದರಿಂದ 4,000 ಚಿಲ್ಲರೆಗೆ ಮುಗಿಯಿತು. ಶುರುವಿನಲ್ಲಿ ಒಂದು ಮುಖಕ್ಕೆ ಐದು ನಿಮಿಷ ಹಿಡಿಯುತ್ತಿತ್ತು, ಕೊನೆಕೊನೆಗೆ ಒಂದೂವರೆ ನಿಮಿಷ. ಒಟ್ಟು ಹದಿನಾಲ್ಕು ತಿಂಗಳು, ಬರೀ ರಾತ್ರಿ ಹೊತ್ತು.

ನಡುವೆ ದಾರಿ ತಪ್ಪಿದ್ದೂ ಇದೆ. ಆಯ್ದ ಒಂದು ಫ್ರೇಮ್‌ಗೆ ಬಣ್ಣ ಹಚ್ಚಿದರೆ ಉಳಿದದ್ದಕ್ಕೆ ತಾನೇ ಹಚ್ಚುವ ಎಬ್‌ಸಿಂತ್ ಅನ್ನುವ ಸಾಫ್ಟ್‌ವೇರ್ ನೋಡೋಣ ಅಂತ ಒಂದು ವಾರ ಕೂತೆ. ಕೈ ಮುಖದ ಮುಂದೆ ಹಾದುಹೋದರೆ ಮೂಗು ಕೈಗೆ ಅಂಟಿಕೊಂಡು ಹೋಗುತ್ತಿತ್ತು. ನಕ್ಕು ನಕ್ಕು ಸಾಕಾಗಿ ಬಿಟ್ಟೆ. ಆಮೇಲೆ ಕನಸಿನ ಡೈರಿ ಬರೆದೆ. ಕನಸಿನಲ್ಲಿ ಒಮ್ಮೆ ಓದಿದ ಅಕ್ಷರ ತಿರುಗಿ ನೋಡಿದರೆ ಬೇರೆಯಾಗಿರುತ್ತದೆ, ಲೈಟಿನ ಸ್ವಿಚ್ ಒತ್ತಿದರೆ ಬೆಳಕು ಸರಿಯಾಗಿ ಬರುವುದಿಲ್ಲ ಅಂತ ಕನಸಲ್ಲಿ ಎಚ್ಚರ ಇಟ್ಟುಕೊಳ್ಳುವವರು ಹೇಳುತ್ತಾರೆ. ಎರಡು ತಿಂಗಳು ಮನೆಯಲ್ಲಿ ಕಂಡ ಕಂಡ ಸ್ವಿಚ್ ಒತ್ತಿದೆ. ಕನಸಿನಲ್ಲಿ ಒಂದೇ ಸಲ ನೆನಪಾಯಿತು. ಸ್ವಿಚ್ ಕೆಲಸ ಮಾಡಿತು, ಬೆಳಕೂ ಬಂತು! ಆ ಪ್ರಯೋಗ ಅಲ್ಲಿಗೆ ಬಿಟ್ಟೆ, ಅಕ್ಷರದ್ದನ್ನು ಮಾತ್ರ ಚಿತ್ರಕ್ಕೆ ಇಟ್ಟುಕೊಂಡೆ. ಕನಸಿನ ಕೋಣೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಅವನು ತಲೆ ತಿರುಗಿಸಿದಾಗಲೆಲ್ಲ ಅದರಲ್ಲಿ ಒಂದು ಅಂಕಿ ಬದಲಾಗುತ್ತದೆ. ಹಿನ್ನೆಲೆ ಕಲ್ಲಿನ ಹಾಗೆ ನಿಂತಿರುವುದರಿಂದ ಯಾರೂ ಅದರ ಕಡೆ ನೋಡುವುದಿಲ್ಲ.

ಮೊದಲ ಪ್ರದರ್ಶನಕ್ಕೆ ನಲವತ್ತು ಜನ ಇದ್ದರೇನೋ. ಊಟ ಮುಗಿಸಿದವನು ಹಸಿದು ಏಳುವವರೆಗೆ ಯಾವುದು ಕನಸು ಅಂತ ಹಿಡಿದವರು ಮೂವರು. ಉಲ್ಟಾ ಅಂತ ಮೊದಲೇ ಗೊತ್ತಿದ್ದ ನನ್ನ ಗೆಳೆಯನೂ ಆ ಮೂವರಲ್ಲಿ ಇರಲಿಲ್ಲ, ಇದನ್ನು ಹೇಳದೆ ಇರಲಾರೆ.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ: ಚಿತ್ರದಲ್ಲಿರುವವನ ಕಣ್ಣು ಎರಡು ಕಡೆಯೂ ಒಂದೇ ಥರ ಇದ್ದರೂ ಕನಸಿನಲ್ಲಿ ಯಾಕೆ ನಮ್ಮನ್ನೇ ನೋಡಿದ ಹಾಗಿದೆ ಅಂತ. ಅದೊಂದು ನನ್ನ ಹತ್ತಿರವೇ ಇರಲಿ. ಮೊನ್ನೆ ಗೆಳೆಯ ಪ್ರಾಜೆಕ್ಟ್ ಫೈಲ್ ಕೇಳಿದ. ಕೊಟ್ಟೆ, ಕಣ್ಣಿನ ಲೇಯರ್‌ಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಒಂದೇ ಮಾಡಿ.