ಮೊದಲು ಬೋನೆಟ್ ಎತ್ತಿ, ಆಮೇಲೆ ಫ್ಯುಯೆಲ್ ಪ್ರೆಶರ್ ಗೇಜ್ ಕೊಳ್ಳಿ

ಶಿರಾಡಿ ಘಾಟಿಯಲ್ಲಿ ಕಾರು ಎಳೆಯುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗಬೇಕಾದರೆ ಸೆಲ್ಫ್ ಮೂರು ನಾಲ್ಕು ಸಲ ಹೊಡೆಯಬೇಕು. ಯಾರನ್ನು ಕೇಳಿದರೂ 'ಪಂಪ್ ಹೋಗಿರಬೇಕು ಮಾರಾಯ್ರೆ' ಅನ್ನುತ್ತಾರೆ. ಇರಬಹುದು. ಆದರೆ ಇದೇ ಲಕ್ಷಣ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ವೀಕ್ ಆದರೂ ಬರುತ್ತದೆ, ಪ್ಲಗ್ ಸವೆದರೂ ಬರುತ್ತದೆ, ಫಿಲ್ಟರ್ ಕಟ್ಟಿಕೊಂಡರೂ ಬರುತ್ತದೆ. ಟ್ಯಾಂಕಿನೊಳಗಿನ ಪಂಪ್ ಬದಲಾಯಿಸಿದರೆ ಸಾವಿರಗಟ್ಟಲೆ ಖರ್ಚು. ಅದಕ್ಕೂ ಮೊದಲು ಪೆಟ್ರೋಲ್ ಎಷ್ಟು ಒತ್ತಡದಲ್ಲಿ ಇಂಜಿನ್‌ಗೆ ಬರುತ್ತಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದಲ್ವಾ?

ಅದಕ್ಕೆ ಬೇಕಾದದ್ದೇ ಫ್ಯುಯೆಲ್ ಪ್ರೆಶರ್ ಗೇಜ್. ಆನ್‌ಲೈನ್‌ನಲ್ಲಿ ನೂರಾರು ಸಿಗುತ್ತವೆ, ಎಲ್ಲವೂ ನೋಡಲು ಒಂದೇ ಥರ. ಆರ್ಡರ್ ಹಾಕುವ ಮೊದಲು ಬೋನೆಟ್ ಎತ್ತಿ ನಿಮ್ಮ ಕಾರಿನಲ್ಲಿ ಎಂತ ಉಂಟು ನೋಡಿ.

ನಿಮ್ಮದು ಯಾವ ಕಾರು?

ಈ ಗೇಜ್ ಇರುವುದು ಸಾಮಾನ್ಯ ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ ಕಾರಿಗೆ. ಅವುಗಳಲ್ಲಿ ಒತ್ತಡ ಹೆಚ್ಚಾಗಿ 3ರಿಂದ 4 ಬಾರ್, ಅಂದರೆ ಸುಮಾರು 43ರಿಂದ 58 ಪಿಎಸ್‌ಐ. ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯೆಲ್‌ನಲ್ಲಿ ಇರುತ್ತದೆ. ಅದು ಗೊತ್ತಿಲ್ಲದೆ ಗೇಜ್ ತಂದರೆ ಮುಳ್ಳು ಎಲ್ಲಿ ನಿಂತರೂ ಅರ್ಥವಾಗುವುದಿಲ್ಲ.

ಹಳೇ ಕಾರ್ಬ್ಯುರೇಟರ್ ಗಾಡಿಯಾದರೆ ಒತ್ತಡ ಅರ್ಧ ಬಾರ್ ಕೂಡ ದಾಟುವುದಿಲ್ಲ, ಅದಕ್ಕೆ 0-15 ಪಿಎಸ್‌ಐಯ ಸಣ್ಣ ಗೇಜ್ ಬೇಕು. ಕಾಮನ್ ರೈಲ್ ಡೀಸೆಲ್ ಕಾರಾದರೆ ಇಲ್ಲಿಗೇ ಬಿಟ್ಟುಬಿಡಿ. ಅದರ ರೈಲ್‌ನಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, ಲೈನ್ ಬಿಚ್ಚಿದರೆ ಡೀಸೆಲ್ ಚರ್ಮದೊಳಗೇ ನುಗ್ಗಬಹುದು. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರಿನೊಳಗೇ ಸಿಂಪಡಿಸುವುದು) ಇರುವ ಹೊಸ ಟರ್ಬೊ ಪೆಟ್ರೋಲ್ ಕಾರುಗಳ ಹೈ ಪ್ರೆಶರ್ ಕಡೆಗೂ ಕೈ ಹಾಕಬೇಡಿ.

ಇನ್ನು ಇಂಜೆಕ್ಟರ್‌ಗಳು ಕೂತಿರುವ ಕೊಳವೆ, ಅಂದರೆ ಫ್ಯುಯೆಲ್ ರೈಲ್ ಹುಡುಕಿ. ಅದರ ಮೇಲೆ ಟಯರ್ ವಾಲ್ವ್ ಥರದ್ದೊಂದು ಮೂತಿ, ಅದಕ್ಕೊಂದು ಕ್ಯಾಪ್ ಕಂಡರೆ ನಿಮ್ಮ ಅದೃಷ್ಟ. ಗೇಜ್ ನೇರವಾಗಿ ಅಲ್ಲಿಗೆ ತಿರುಗಿಸಿದರಾಯಿತು. ನಮ್ಮಲ್ಲಿ ಓಡುವ ಬಹಳಷ್ಟು ಸಣ್ಣ ಕಾರುಗಳಲ್ಲಿ ಅದು ಇರುವುದೇ ಇಲ್ಲ. ಆಗ ಪೆಟ್ರೋಲ್ ಪೈಪು ರೈಲ್‌ಗೆ ಸೇರುವ ಕಡೆ ಒಂದು 'ಟಿ' ಅಡಾಪ್ಟರ್ ಕೂರಿಸಬೇಕು. ಆ ಪೈಪಿನ ತುದಿಯ ದಪ್ಪ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. 7.89 ಮಿ.ಮೀ. ಅಳತೆ ತುಂಬಾ ಸಾಮಾನ್ಯ, 6.3 ಮತ್ತು 9.49 ಕೂಡ ಉಂಟು. ಆ ಅಳತೆಯ ಟಿ ಇಲ್ಲದ ಕಿಟ್ ಎಷ್ಟು ಚಂದ ಕಂಡರೂ ನಿಮಗೆ ಪ್ರಯೋಜನವಿಲ್ಲ. ನಲವತ್ತು ಅಡಾಪ್ಟರ್ ತುಂಬಿಸಿದ ಪೆಟ್ಟಿಗೆ ನೋಡಿ ಮರುಳಾಗುವವರು ಜಾಸ್ತಿ. ಅದರಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನ ಗಾಡಿಗಳಿಗೆ ಮಾಡಿದ್ದು. ಹಾಗಂತ ಅಡಾಪ್ಟರ್ ಇಲ್ಲ ಎಂದು ಕಾರಿನ ನೈಲಾನ್ ಪೈಪ್ ಕತ್ತರಿಸಲು ಹೋಗಬೇಡಿ.

ದುಡ್ಡು ಎಲ್ಲಿಗೆ ಹಾಕಬೇಕು?

ಡಯಲ್ 0-100 ಪಿಎಸ್‌ಐ, ಅಂದರೆ 7 ಬಾರ್ ಇದ್ದರೆ ಸಾಕು. 140 ಆದರೂ ನಡೆಯುತ್ತದೆ. 300ರದ್ದು ಬೇಡ. ಕಾರಣ ಇಷ್ಟೆ: ಗೇಜಿನ ತಪ್ಪು ಲೆಕ್ಕ ಹಾಕುವುದು ಪೂರ್ತಿ ಡಯಲ್ ಮೇಲೆ. ಶೇ 2.5 ಅಂದರೆ 100ರ ಗೇಜಿನಲ್ಲಿ 2.5 ಪಿಎಸ್‌ಐ ಆಚೀಚೆ, 300ರದ್ದರಲ್ಲಿ 7.5. ಅಷ್ಟು ತಪ್ಪಿದರೆ ಒಳ್ಳೆ ಪಂಪ್ ಕೆಟ್ಟದ್ದಾಗಿಯೂ, ಕೆಟ್ಟದ್ದು ಒಳ್ಳೆಯದಾಗಿಯೂ ಕಾಣುತ್ತದೆ. ಡಿಜಿಟಲ್ ಬೇಕೇ ಬೇಕು ಅಂತೇನಿಲ್ಲ. ಮುಳ್ಳು ನಡುಗುವುದು, ನಿಧಾನ ಇಳಿಯುವುದು ಕಣ್ಣಿಗೆ ಕಾಣುವುದು ಮುಳ್ಳಿನ ಗೇಜಿನಲ್ಲೇ.

ಉಳಿದ ದುಡ್ಡು ಪೈಪಿಗೆ ಮತ್ತು ಬ್ಲೀಡ್ ವಾಲ್ವ್‌ಗೆ. ಗೇಜಿನ ಬುಡದಲ್ಲಿ ಒತ್ತುವ ಬಟನ್, ಅದರಿಂದ ಹೊರಟ ಸಣ್ಣ ಪಾರದರ್ಶಕ ಪೈಪ್ ಇರಬೇಕು. ಕೆಲಸ ಮುಗಿದ ಮೇಲೆ ಲೈನಿನ ಪೆಟ್ರೋಲ್ ಬಾಟಲಿಗೆ ಇಳಿಸಲು ಇದೇ ದಾರಿ. ಇದಿಲ್ಲದಿದ್ದರೆ ಬಿಚ್ಚುವಾಗ ಪೆಟ್ರೋಲ್ ಬಿಸಿ ಇಂಜಿನ್ ಮೇಲೆ ಚಿಮ್ಮುತ್ತದೆ. ನೂರಿನ್ನೂರು ಉಳಿಸಲು ಈ ವಾಲ್ವ್ ಇಲ್ಲದ್ದನ್ನು ತರಬೇಡಿ.

ಪೈಪಿನ ಮೇಲೆ ಏನು ಬರೆದಿದೆ ಓದಿ. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಕಳಪೆ ರಬ್ಬರ್ ಇದರಲ್ಲಿ ಊದುತ್ತದೆ, ಮೆತ್ತಗಾಗುತ್ತದೆ. 'ಎಸ್‌ಎಇ ಜೆ30 ಆರ್9' ಎಂದು ಅಚ್ಚಾಗಿರುವ ಫ್ಯುಯೆಲ್ ಇಂಜೆಕ್ಷನ್ ಹೋಸ್ ಸಿಕ್ಕಿದರೆ ಒಳ್ಳೆಯದು. ಮತ್ತೆ ನಮ್ಮ ಕರಾವಳಿಯ ಉಪ್ಪು ಗಾಳಿ ಗೊತ್ತಲ್ಲ. ಹೊಳೆಯುವ ಕಬ್ಬಿಣದ ಫಿಟ್ಟಿಂಗ್ ಒಂದು ಮಳೆಗಾಲ ಕಳೆಯುವಾಗ ತುಕ್ಕು ಹಿಡಿದಿರುತ್ತದೆ. ಹಿತ್ತಾಳೆಯದ್ದೇ ಇರಲಿ.

ಮಂಗಳೂರಿನ ಬಂದರು ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಗ್ಲಿಸರಿನ್ ತುಂಬಿದ ಗೇಜ್, ಹಿತ್ತಾಳೆ ಟಿ, ಕ್ಲಿಪ್ ಸೇರಿಸಿ ನೀವೇ ಒಂದು ಮಾಡಿಕೊಳ್ಳಬಹುದು. ಆದರೆ ಥ್ರೆಡ್ ನೋಡಿ. ಅಂಗಡಿ ಗೇಜ್ ಸಾಮಾನ್ಯವಾಗಿ ಬಿಎಸ್‌ಪಿ (ಬ್ರಿಟಿಷ್ ಥ್ರೆಡ್), ಆನ್‌ಲೈನ್ ಅಡಾಪ್ಟರ್ ಎಷ್ಟೋ ಸಲ ಎನ್‌ಪಿಟಿ (ಅಮೆರಿಕದ ಥ್ರೆಡ್). ಕಾಲಿಂಚು ಸೈಜಿನಲ್ಲಿ ಮೊದಲನೆಯದಕ್ಕೆ ಇಂಚಿಗೆ 19 ಸುತ್ತು, ಎರಡನೆಯದಕ್ಕೆ 18. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ, ಬಿಗಿಯಿತಲ್ಲ ಅಂತ ಬಿಟ್ಟರೆ ಸೋರುತ್ತದೆ. ಟೆಫ್ಲಾನ್ ಟೇಪ್ ಸುತ್ತುವುದಾದರೆ ತುದಿಯ ಸುತ್ತು ಬಿಟ್ಟು ಸುತ್ತಿ, ಚೂರು ಒಳಗೆ ಹೋದರೆ ಇಂಜೆಕ್ಟರ್ ಕಟ್ಟುತ್ತದೆ. ನೀರಿನ ಪಾರದರ್ಶಕ ಪೈಪ್ ಮಾತ್ರ ಲೈನಿಗೆ ಬೇಡವೇ ಬೇಡ.

ಪೆಟ್ರೋಲ್ ಮುಟ್ಟಿಸುವ ಮೊದಲು

ಹೊಸ ಗೇಜನ್ನು ಮೊದಲು ಗಾಳಿಯಲ್ಲಿ ಪರೀಕ್ಷೆ ಮಾಡಿ. ಟಯರ್‌ಗೆ ಗಾಳಿ ಹಾಕುವ ಪಂಪ್ ಜೋಡಿಸಿ 50 ಪಿಎಸ್‌ಐವರೆಗೆ ಏರಿಸಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬರಬಾರದು. ಪಂಪಿನ ಗೇಜೂ ಇದೂ ಹತ್ತಿರ ಹತ್ತಿರ ತೋರಿಸುತ್ತಿದೆಯಾ ಅಂತಲೂ ನೋಡಿಕೊಳ್ಳಬಹುದು.

ಕೆಲಸ ತೆರೆದ ಅಂಗಳದಲ್ಲಿ, ಇಂಜಿನ್ ತಣ್ಣಗಿರುವಾಗ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಅಡುಗೆಮನೆಗೆ ತಾಗಿದ ಶೆಡ್ ಆಗದು. ಪೌಡರ್ ಫೈರ್ ಎಕ್ಸ್‌ಟಿಂಗ್ವಿಷರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಪಂಪಿನ ಫ್ಯೂಸ್ ತೆಗೆದು ಸ್ಟಾರ್ಟ್ ಮಾಡಿ. ಇಂಜಿನ್ ತಾನಾಗಿ ನಿಲ್ಲುತ್ತದೆ, ಲೈನಿನ ಒತ್ತಡ ಇಳಿಯುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಜೋಡಣೆಗೆ ಬಟ್ಟೆ ಸುತ್ತಿ ನಿಧಾನ ಬಿಡಿಸಿ, ಗೇಜ್ ಕೂರಿಸಿ. ಆಮೇಲೆ ಫ್ಯೂಸ್, ಬ್ಯಾಟರಿ ವಾಪಸ್. ಕೀ ಆನ್ ಮಾತ್ರ ಮಾಡಿ, ಸ್ಟಾರ್ಟ್ ಬೇಡ. ಹೆಚ್ಚಿನ ಕಾರುಗಳಲ್ಲಿ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಅನ್ನುತ್ತದೆ. ಎಲ್ಲೂ ಸೋರುತ್ತಿಲ್ಲ ಅಂತ ಖಾತ್ರಿಯಾದ ಮೇಲೆಯೇ ಸ್ಟಾರ್ಟ್.

ಐಡಲ್‌ನಲ್ಲಿ ಸರಿಯಿದ್ದು ರೇಸ್ ಮಾಡಿದಾಗ ಮುಳ್ಳು ಬಿದ್ದರೆ ಫಿಲ್ಟರ್ ಕಟ್ಟಿರಬಹುದು, ಪಂಪ್ ಸೋತಿರಬಹುದು. ಪಂಪಿಗೆ ತೀರ್ಪು ಕೊಡುವ ಮುಂಚೆ ಅದರ ಕನೆಕ್ಟರ್‌ನಲ್ಲಿ ವೋಲ್ಟೇಜ್ ನೋಡಿ. ಕರಾವಳಿಯಲ್ಲಿ ಅರ್ಥಿಂಗ್ ಕಿಲುಬು ಹಿಡಿದು ಪಂಪಿಗೆ ಕರೆಂಟೇ ಸರಿಯಾಗಿ ಹೋಗದಿರುವುದು ಉಂಟು. ಇಂಜಿನ್ ಆಫ್ ಮಾಡಿದ ಮೇಲೆ ಮುಳ್ಳು ಸ್ವಲ್ಪ ಇಳಿದು ನಿಲ್ಲಬೇಕು. ಕೆಲವೇ ನಿಮಿಷದಲ್ಲಿ ಸೊನ್ನೆಗೆ ಬಂದರೆ ತೊಂದರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ವಾಪಸ್ ಹೋಗದಂತೆ ತಡೆಯುವುದು), ರೆಗ್ಯುಲೇಟರ್ (ಒತ್ತಡ ಹದದಲ್ಲಿಡುವುದು) ಅಥವಾ ಸೋರುವ ಇಂಜೆಕ್ಟರ್‌ನದ್ದು. ಬೆಳಗ್ಗಿನ ಸೆಲ್ಫ್ ರಗಳೆ ಇದರಿಂದಲೂ ಬರಬಹುದು. ಎಲ್ಲ ಅಂಕಿಯೂ ಸರಿಯಿದ್ದರೆ ಪಂಪ್ ಬಿಟ್ಟು ಕಾಯಿಲ್, ಪ್ಲಗ್ ಕಡೆ ಹೋಗಿ.

ಬಿಚ್ಚುವಾಗಲೂ ಮೊದಲು ಒತ್ತಡ ಇಳಿಸಿ. ಪೈಪಿನ ಪೆಟ್ರೋಲ್ ಪೂರ್ತಿ ಸುರಿದು, ಗಾಳಿಗೆ ಒಣಗಿಸಿ, ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿಡಿ. ವರ್ಷಕ್ಕೆ ಒಂದೋ ಎರಡೋ ಸಲ ಬೇಕಾಗುವ ಸಾಮಾನು, ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಒಂದನ್ನು ತೆಗೆದುಕೊಂಡರೂ ಸಾಕಾಗುತ್ತದೆ.